ಮಸ್ಕೂತ್ ಊರಿನ ಮೊದಲ ಹೆಸರು

“ಅಲ್ಲಿ ಸುರಂಗದ ಒಳಗೆ ಯಾರಾದ್ರೂ ‘ಯಾರದು’ ಅಂತ ಕೇಳಿದ್ರೆ ಹೆಸರು ಹೇಳ್ಬಾರ್ದಂತೆ. ನಮ್ಮದೂ ಹೇಳ್ಬಾರ್ದು, ಬೇರೆಯವರದ್ದೂ ಹೇಳ್ಬಾರ್ದು. ಬಾಯಿ ಮುಚ್ಚಿಕೊಂಡು ಹೊರಗೆ ಬಂದುಬಿಡ್ಬೇಕಂತೆ.”

ಮುದುಕ ಖಲ್ಫಾನ್ ಅರಬಿಯಲ್ಲಿ ಹೇಳಿದ್ದನ್ನು ಡ್ರೈವರ್ ಉಮ್ಮರ್ ಹೀಗೆ ಕನ್ನಡಕ್ಕೆ ತಂದಾಗ ಫ್ಲೋಯ್ಡ್ ಡಿಸಾ ಬಾಯಲ್ಲಿದ್ದ ಖರ್ಜೂರದ ಬೀಜವನ್ನು ಅಂಗೈಗೆ ಉಗುಳಿ ನಕ್ಕುಬಿಟ್ಟ.

“ಕೇಳುವವನಿಗೆ ನನ್ನ ರೆಸಿಡೆಂಟ್ ಕಾರ್ಡ್ ತೋರಿಸ್ತೇನೆ ಅಂತ ಹೇಳಿ ಉಮ್ಮರಾಕ. ಅರಬಿಯಲ್ಲೇ ಉಂಟಲ್ಲ, ಓದಿಕೊಳ್ಳಲಿ.”

ಉಮ್ಮರ್ ಅದನ್ನು ಅನುವಾದಿಸಲಿಲ್ಲ. ಆದರೆ ನಗುವಿಗೆ ಅನುವಾದ ಬೇಕಿರಲಿಲ್ಲ. ಮುದುಕ ತನ್ನ ಪೊರೆಬಂದ ಕಣ್ಣನ್ನು ಫ್ಲೋಯ್ಡನ ಮೇಲೆ ನೆಟ್ಟ. ಆಮೇಲೆ ಎದ್ದು, ಬೆಟ್ಟದ ಕಡೆಗಿದ್ದ ಕಿಟಕಿಯನ್ನು ಮುಚ್ಚಿ, ದನಿ ತಗ್ಗಿಸಿ ಮತ್ತೆ ಮಾತು ತೊಡಗಿದ. ಏಲಕ್ಕಿ ಹಾಕಿದ ಖಾವಾ ಲೋಟದಲ್ಲೇ ಆರಿತು. ಕೇಳುತ್ತ ಕೇಳುತ್ತ ಉಮ್ಮರ್ ಅನುವಾದ ಮಾಡುವುದನ್ನೇ ಬಿಟ್ಟ.

“ಎಂತ ಹೇಳ್ತಾರೆ?”

“ಬೇಡ ಪೊರ್ಬುಗಳೆ. ಮೇಲಿಂದ ನಾಲ್ಕು ಫೋಟೋ ತೆಗ್ದು ವಾಪಸ್ ಹೋಗುವಾ.”

“ಹೇಳಿ ಮಾರ್ರೆ. ಇಂಥದ್ದೇ ನಮ್ಮ ಮೇಡಮ್ಮಿಗೆ ಬೇಕಾದ್ದು.”

ಉಮ್ಮರ್ ತಲೆತಗ್ಗಿಸಿಕೊಂಡು ಹೇಳಿದ. ಖಲ್ಫಾನನ ಮುತ್ತಜ್ಜನ ಕಾಲದಲ್ಲಿ ಮೇಲಿನ ಊರಿನಲ್ಲಿ ಒಬ್ಬ ಮಾಟಗಾರನಿದ್ದ. ಬೆಟ್ಟದೊಳಗಿನ ತಾಮ್ರ ಅಗೆಯಲು ಅವನಿಗೆ ಆಳುಗಳು ಬೇಕಿದ್ದರು. ಅವನು ಬೆಟ್ಟದ ಬಾಯಿಗೆ ಊರಿನ ಹೆಸರು ಹೇಳಿ, ಆ ಊರಿನ ಒಬ್ಬನ ಹೆಸರು ಹೇಳುತ್ತಿದ್ದ. ಬೆಟ್ಟ ಆ ಮನುಷ್ಯನನ್ನು ಕರೆಯುತ್ತಿತ್ತು, ಅವನಿಗೆ ಪರಿಚಯದ ದನಿಯಲ್ಲೇ. ಓಗೊಟ್ಟವನು ಮೂರನೆಯ ದಿನಕ್ಕೆ ಸಾಯುತ್ತಿದ್ದ. ಸತ್ತ ಎಂದು ಜನ ಮಣ್ಣು ಮಾಡುತ್ತಿದ್ದರು. ಆದರೆ ಏಳು ದಿನ ಕಳೆದ ಮೇಲೆ ಆಡು ಮೇಯಿಸುವವರಿಗೆ ಅದೇ ಮನುಷ್ಯ ಸುರಂಗದ ಬಾಯಲ್ಲಿ ಕಲ್ಲು ಹೊರುವುದು ಕಾಣುತ್ತಿತ್ತು. ಅಂಥವರನ್ನು ಈ ಕಡೆಯವರು ಮುಗಯ್ಯಬ್ ಅನ್ನುತ್ತಾರೆ. ಮರೆಮಾಡಲ್ಪಟ್ಟವರು. ಕೊನೆಗೆ ಊರ ಹಿರಿಯರು ಸೇರಿ ಆ ಮಾಟಗಾರನನ್ನೇ ಒಳಗೆ ದೂಡಿ, ಊರಿನ ಹೆಸರನ್ನು ಒಂದು ಚಪ್ಪಡಿಯ ಮೇಲೆ ಕೆತ್ತಿ, ಆ ಚಪ್ಪಡಿಯಿಂದಲೇ ಬಾಯಿ ಮುಚ್ಚಿ, ಮೇಲೆ ಗಾರೆ ಮೆತ್ತಿದರು. ಅಂದಿನಿಂದ ಆ ಹೆಸರನ್ನು ಯಾರೂ ಹೇಳಲಿಲ್ಲ. ಊರಿಗೆ ಮಸ್ಕೂತ್ ಎಂದಷ್ಟೇ ಹೆಸರಾಯಿತು. ಮಸ್ಕೂತ್ ಅಂದರೆ ಬಾಯಿಬಿಡದೆ ಉಳಿಸಿಕೊಂಡದ್ದು.

“ಚೆಂದದ ಕತೆ,” ಎಂದು ಫ್ಲೋಯ್ಡ್ ಮೊಬೈಲಿನಲ್ಲಿ ಗುರುತು ಹಾಕಿಕೊಂಡ. ಹೊರಡುವಾಗ ಮುದುಕನ ಕೈಗೆ ತನ್ನ ವಿಸಿಟಿಂಗ್ ಕಾರ್ಡು ಕೊಟ್ಟ.

ಫ್ಲೋಯ್ಡ್ ಶಿರ್ವದವನು. ಒಮಾನಿಗೆ ಬಂದು ಎಂಟು ತಿಂಗಳು. ಅಲ್ ಮಬೇಲಾದ ಒಂದು ಸಣ್ಣ ಸರ್ವೆ ಕಂಪನಿಯಲ್ಲಿ ಕೆಲಸ. ಹೆಂಡತಿ ಲಿಯೋನಾ ಎರಡು ತಿಂಗಳ ಹಿಂದಷ್ಟೇ ಬಂದು ಅಲ್ ಮವಾಲೇಹ್‌ನ ಫ್ಲ್ಯಾಟಿನಲ್ಲಿ ಸಂಸಾರ ಹೂಡಿದ್ದಳು. ಸೊಹಾರದ ಹಿಂದಿನ ಬೆಟ್ಟಗಳಲ್ಲಿ ಜನ ಬಿಟ್ಟುಹೋದ ಹಳೇ ಊರುಗಳನ್ನು ಅಳೆದು, ಪಟ್ಟಿ ಮಾಡಿ, ಪ್ರವಾಸಿಗಳಿಗೆ ಬೋರ್ಡು ಹಾಕುವ ಯೋಜನೆಯೊಂದು ಕಂಪನಿಗೆ ಸಿಕ್ಕಿತ್ತು. ಅವನಿಗೆ ಕಾರು ಬಿಡುತ್ತಿದ್ದವನು ಉಪ್ಪಿನಂಗಡಿಯ ಉಮ್ಮರ್. ಇಪ್ಪತ್ತೆರಡು ವರ್ಷದಿಂದ ಇಲ್ಲಿದ್ದವನು. ಒಬ್ಬ ಕೊಂಕಣಿಯವನು, ಒಬ್ಬ ಬ್ಯಾರಿ. ನಡುವಿನ ಮಾತು ಅರ್ಧ ತುಳು, ಅರ್ಧ ಕನ್ನಡ. ಹೆಸರು ಹಿಡಿದು ಕರೆಯಿರಿ ಎಂದು ಫ್ಲೋಯ್ಡ್ ಎಷ್ಟು ಸಲ ಹೇಳಿದರೂ ಉಮ್ಮರನ ಬಾಯಲ್ಲಿ ಬರುತ್ತಿದ್ದುದು ಕ್ರೈಸ್ತರನ್ನು ಕರೆಯುವ ಊರಿನ ವಾಡಿಕೆಯಂತೆ ‘ಪೊರ್ಬುಗಳೆ’ ಎಂದೇ.

ಯೋಜನೆಯ ಮುಖ್ಯಸ್ಥೆ ಅಲೆಂಕಾ ಸ್ಲೊವೇನಿಯಾ ದೇಶದವಳು. ಅವಳ ಊರೂ ಇಂಥದೇ ಒಂದು ಸಣ್ಣ ಊರಂತೆ. ನದಿಯ ಮೇಲಿನ ಗುಡ್ಡ, ಮೂವತ್ತೇಳು ಮನೆ, ದ್ರಾಕ್ಷಿ ತೋಟ, ತುದಿಯಲ್ಲಿ ಸಂತ ಉರ್ಬಾನನ ಸಣ್ಣ ಇಗರ್ಜಿ. ಊರಿನ ಹೆಸರೂ ಸಂತ ಉರ್ಬಾನನದ್ದೇ. ದೊಡ್ಡ ಯುದ್ಧ ಮುಗಿದ ಮೇಲೆ ಬಂದ ಸರ್ಕಾರಕ್ಕೆ ಸಂತರು ಬೇಡವಾಗಿ, ನಕ್ಷೆಯಲ್ಲಿ ಅದನ್ನು ಬರಿಯ ‘ಮೇಲಿನ ಗುಡ್ಡ’ ಮಾಡಿಬಿಟ್ಟರಂತೆ. ಅಜ್ಜಿ ಸಾಯುವವರೆಗೂ ಕಾಗದದ ಮೇಲೆ ಹಳೆಯ ಹೆಸರನ್ನೇ ಬರೆದು, ಅಂಚೆಯವನ ಹತ್ತಿರ ಜಗಳವಾಡುತ್ತಿದ್ದಳಂತೆ. ಅದನ್ನು ಹೇಳುವಾಗ ಅಲೆಂಕಾಳ ಕಣ್ಣು ಒದ್ದೆಯಾಗುತ್ತಿತ್ತು. “ಪ್ರತಿ ಊರಿಗೂ ಅದರ ಮೊದಲ ಹೆಸರನ್ನು ಹುಡುಕಿ ತನ್ನಿ,” ಎಂದು ಅವಳು ಕಟ್ಟುನಿಟ್ಟಾಗಿ ಹೇಳಿದ್ದಳು. ಹೆಸರು ಕಿತ್ತುಕೊಂಡವರ ನೋವು ಅವಳಿಗೆ ಗೊತ್ತಿತ್ತು. ಬೇಕೆಂದೇ ಹೆಸರು ಹೂತುಹಾಕಿದವರೂ ಇರಬಹುದು ಎಂಬುದು ಅವಳಿಗೂ ಹೊಳೆದಿರಲಿಲ್ಲ, ಅವಳನ್ನು ಮೆಚ್ಚಿಸಬೇಕೆಂದಿದ್ದ ಫ್ಲೋಯ್ಡನಿಗೂ ಹೊಳೆದಿರಲಿಲ್ಲ.

ಖಲ್ಫಾನನ ಮನೆಯಿಂದ ಮುಂದೆ ವಾದಿಯ ದಾರಿ. ನೀರಿಲ್ಲದ ಹೊಳೆಯ ಪಾತ್ರದಲ್ಲಿ, ಜಲ್ಲಿಕಲ್ಲಿನ ಮೇಲೆ ಕಾರು ಕುಲುಕುತ್ತ ಹತ್ತಿತು. ಉಮ್ಮರ್ ಸ್ಟೇರಿಂಗ್ ಹಿಡಿದುಕೊಂಡೇ ತುಟಿಯೊಳಗೆ ಕುರಾನಿನ ಆಯತುಲ್ ಕುರ್ಸಿ ಓದುತ್ತಿದ್ದ. ಎರಡೂ ಕಡೆ ಕಾವಲಿಯಂತೆ ಕಾದ ಕಂದು ಬಂಡೆ. ಬಂಡೆಯ ಅಡ್ಡಪಟ್ಟಿಯ ಮೇಲೆ ಒಂದರ ಬೆನ್ನಿಗೊಂದು ಆತುಕೊಂಡ ಇಪ್ಪತ್ತೆರಡು ಮಣ್ಣಿನ ಮನೆಗಳು. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಖರ್ಜೂರದ ತೋಟ. ಮರಗಳು ನಿಂತೇ ಸತ್ತಿದ್ದವು. ಊರಿನ ಸುತ್ತ ಕಪ್ಪಗೆ ಮಿರುಗುವ ಕಿಟ್ಟದ ರಾಶಿ. ಯಾವ ಕಾಲದಲ್ಲೋ ತಾಮ್ರ ಕರಗಿಸಿ ಸುರಿದದ್ದು. ಅದರ ಮೇಲೆ ಕಾಲಿಟ್ಟರೆ ಗಾಜು ತುಳಿದಂತೆ ಕರಕರ ಅನ್ನುತ್ತಿತ್ತು. ನಡುಮಧ್ಯಾಹ್ನ. ಒಂದು ಹಕ್ಕಿಯಿಲ್ಲ, ನೊಣವಿಲ್ಲ. ಗಾಳಿಗೆ ತುಕ್ಕಿನ ವಾಸನೆ.

ಊರಿಗೆ ನೀರು ತರುತ್ತಿದ್ದ ಫಲಜ್ ಎಂಬ ಕಾಲುವೆ ಬೆಟ್ಟದೊಳಗಿನ ಸುರಂಗದಿಂದ ಹೊರಬರುತ್ತಿತ್ತು. ಬಾಯಿ ಎದೆಯೆತ್ತರ. ಅದನ್ನು ಕಂಡ ಕೂಡಲೇ ಫ್ಲೋಯ್ಡನಿಗೆ ನಮ್ಮ ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಕೊರೆಯುವ ಸುರಂಗಗಳ ನೆನಪಾಯಿತು.

“ನಾನು ಬರುದಿಲ್ಲ. ನೀವೂ ಹೋಗ್ಬೇಡಿ,” ಎಂದ ಉಮ್ಮರ್. “ಅಲ್ಲಾನಾಣೆ ಹೇಳ್ತೇನೆ, ಈ ಜಾಗ ಸರಿ ಇಲ್ಲ.”

“ಇಪ್ಪತ್ತೆರಡು ವರ್ಷ ಇಲ್ಲಿ ಇದ್ದು ನೀವೂ ಹೀಗೆ ಆದ್ರೆ ಹೇಗೆ? ಆ ಮರದ ಕೆಳಗೆ ಸ್ವಲ್ಪ ಮಲಗಿ. ಅರ್ಧ ಗಂಟೆ, ಖಲಾಸ್.”

ಒಳಗೆ ತಂಪಿತ್ತು. ಮೊದಲ ಹತ್ತು ಹೆಜ್ಜೆ ಹಿತವಾದ ತಂಪು. ಆಮೇಲೆ ಬೆವರು ಮೈಮೇಲೆಯೇ ಹೆಪ್ಪುಗಟ್ಟುವಂಥದ್ದು. ಬಾವಲಿಯ ಹಿಕ್ಕೆ, ಒದ್ದೆ ಸುಣ್ಣ, ಅದರ ಕೆಳಗೆ ಕೊಳೆತ ಖರ್ಜೂರದಂಥ ಒಂದು ಸಿಹಿ ನಾತ. ಕಾಲುವೆ ಒಣಗಿ ವರ್ಷಗಳಾಗಿದ್ದರೂ ಎಲ್ಲಿಯೋ ನೀರು ತೊಟ್ಟಿಕ್ಕುತ್ತಿತ್ತು. ತಿರುವು ದಾಟಿದ ಮೇಲೆ ಹಿಂದಿನ ಬೆಳಕು ಹೋಯಿತು. ಹಣೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ, ಎಡಗೋಡೆಯ ಮೇಲೆ, ಬಾಗಿಲಿನಷ್ಟಗಲ ಗಾರೆ ಮೆತ್ತಿದ ಜಾಗ ಕಂಡಿತು. ಗಾರೆಯ ತುಂಬ ಅಂಗೈ ಗುರುತುಗಳು. ಊರಿನವರೆಲ್ಲ ಒಬ್ಬೊಬ್ಬರಾಗಿ ಕೈಯಿಟ್ಟು ಒತ್ತಿದಂತೆ. ಸಣ್ಣ ಕೈ, ದೊಡ್ಡ ಕೈ.

ಅವನು ಸುತ್ತಿಗೆ ತೆಗೆದ. ಗಾರೆ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಒಳಗಿನ ಚಪ್ಪಡಿಯ ಮೇಲೆ ಒಂದೇ ಸಾಲು ಅಕ್ಷರ. ಫೋಟೋ ತೆಗೆದು ಮೊಬೈಲಿನಲ್ಲಿ ಓದಿಸಿದ. ಯಂತ್ರದ ಹೆಣ್ಣುದನಿ ಆ ಹೆಸರನ್ನು ಸ್ಪಷ್ಟವಾಗಿ ಉಚ್ಚರಿಸಿತು. ಆ ಹೆಸರನ್ನು ಇಲ್ಲಿ ಬರೆಯುವುದು ಬೇಡ.

ತೊಟ್ಟಿಕ್ಕುವ ಸದ್ದು ನಿಂತಿತು.

ಚಪ್ಪಡಿಯ ಅಂಚಿನ ಬಿರುಕಿನಿಂದ ತಣ್ಣಗೆ ಗಾಳಿ ಬಂತು. ಅವನ ಬಾಯಲ್ಲಿ ತಾಮ್ರದ ದುಡ್ಡು ಚೀಪಿದಂಥ ರುಚಿ ಹುಟ್ಟಿತು. ಮತ್ತೆ, ಬಿರುಕಿನ ಆಚೆಯಿಂದ, ಶಿರ್ವದ ಮನೆಯ ಹಿತ್ತಲ ಬಾಗಿಲು ಸದ್ದಾದಾಗ ಅಡುಗೆಮನೆಯಿಂದ ಅಮ್ಮ ಕೇಳುವಂತೆಯೇ, ಅದೇ ದನಿ, ಅದೇ ಕೊಂಕಣಿ.

“ಥಂಯ್ ಕೋಣ್?”

ಯಾರದು ಅಲ್ಲಿ?

ಫೋನೇ ಇರಬೇಕು ಎಂದುಕೊಂಡ. ನೋಡಿದ. ಸಿಗ್ನಲ್ಲೇ ಇರಲಿಲ್ಲ.

“ಥಂಯ್ ಕೋಣ್ ರೆ?”

ಈಗ ಹತ್ತಿರ. ಬಿರುಕಿಗೆ ಬಾಯಿ ಹಚ್ಚಿ ಕೇಳಿದಷ್ಟು ಹತ್ತಿರ. ಫ್ಲೋಯ್ಡ್ ನಗಲು ನೋಡಿದ. ಗಂಟಲಿನಿಂದ ಗಾಳಿ ಮಾತ್ರ ಬಂತು. ಮೂರನೆಯ ಸಲ ಅದು ಕೇಳಿದಾಗ ಅವನ ಬಾಯಿ ತಾನಾಗಿಯೇ ತೆರೆಯಿತು. ಉತ್ತರ ಕೊಡದೆ ಇರಲು ಆಗಲೇ ಇಲ್ಲ. ನಾಲಿಗೆಯ ತುದಿಗೆ ತನ್ನ ಹೆಸರು ಬಂದೇಬಿಟ್ಟಿತ್ತು. ಅದನ್ನು ನುಂಗಿದ. ನುಂಗಿ, ಬೇರೆ ಹೆಸರು ಹೇಳಿದ.

“ಉಮ್ಮರ್.”

ಆಮೇಲೆ ಎಷ್ಟೋ ದಿನ ಅವನು ಇದನ್ನೇ ತಿರುಗಿಸಿ ತಿರುಗಿಸಿ ನೋಡಿದ. ನಂಬಿಕೆಯೇ ಇಲ್ಲದಿದ್ದರೆ ತನ್ನ ಹೆಸರನ್ನೇ ಹೇಳಬಹುದಿತ್ತಲ್ಲ. ನುಂಗಿದ್ದು ಯಾಕೆ?

ಹೊರಗೆ ಓಡಿಬಂದು ಸುರಂಗದ ಬಾಯಲ್ಲಿ ಬಿಸಿಲಿಗೆ ಕುಳಿತ. ಹೆಂಡತಿಗೆ ಒಂದು ವಾಯ್ಸ್ ಮೆಸೇಜ್ ಹೇಳಿದ. “ಲಿಯೋನಾ, ಬರುವಾಗ ಲೇಟ್ ಆಗ್ತದೆ, ಊಟಕ್ಕೆ ಕಾಯಬೇಡ.” ಹಿಂದೆ ಬಿರುಕು ತೆರೆದೇ ಇದೆ, ಆಡಿದ ಹೆಸರು ಒಳಗೂ ಕೇಳಿಸುತ್ತದೆ ಎಂಬ ಎಚ್ಚರ ಆಗ ಅವನಿಗಿರಲಿಲ್ಲ.

ಮರದ ಕೆಳಗೆ ಮಲಗಿದ್ದ ಉಮ್ಮರ್ ಎದ್ದು ಕುಳಿತಿದ್ದ. ಕಣ್ಣುಜ್ಜಿಕೊಳ್ಳುತ್ತ ಸುತ್ತಲೂ ನೋಡುತ್ತಿದ್ದ.

“ನೀವು ಕರೆದದ್ದಾ?”

“ಇಲ್ಲ. ಯಾಕೆ?”

“ನಮ್ಮ ಮನೆಯವಳು ಮೈಮುನಾ ಕರೆದ ಹಾಗಾಯ್ತು. ನಿದ್ದೆಗಣ್ಣಲ್ಲಿ ‘ಓ’ ಅಂದೆ.” ಅವನು ಪಕ್ಕಕ್ಕೆ ತಿರುಗಿ ಉಗುಳಿದ. “ಬಾಯಿಯೆಲ್ಲ ಎಂಥದೋ ತುಕ್ಕು ತುಕ್ಕು.”

ಆಗಲಾದರೂ ಹೇಳಬಹುದಿತ್ತು. ಮುದುಕನ ಮನೆ ದಾರಿಯಲ್ಲೇ ಇತ್ತು. ಕಾರು ನಿಲ್ಲಿಸಿ, ಹೀಗಾಯ್ತು, ಏನು ಮಾಡಲಿ ಎಂದು ಕೇಳಬಹುದಿತ್ತು. ಫ್ಲೋಯ್ಡ್ ಎಸಿ ಜೋರು ಮಾಡಿದ. ಸೊಹಾರ ದಾಟುವಷ್ಟರಲ್ಲಿ ಅದೆಲ್ಲ ಬಿಸಿಲಿನ ಭ್ರಮೆ ಎಂದು ತನಗೆ ತಾನೇ ಒಪ್ಪಿಸಿಬಿಟ್ಟಿದ್ದ. ರಾತ್ರಿಯೇ ಊರಿನ ಮೊದಲ ಹೆಸರನ್ನು ಅಲೆಂಕಾಳಿಗೆ ಕಳಿಸಿದ. ಅವಳು ಮೂರು ಹೂವಿನ ಚಿತ್ರ ಹಾಕಿ ಅಭಿನಂದಿಸಿದಳು.

ಮೂರನೆಯ ದಿನ ಬೆಳಿಗ್ಗೆ ಅಲ್ ಮಬೇಲಾದ ವರ್ಕ್‌ಶಾಪಿನಲ್ಲಿ, ಕಾರಿನ ಟಯರು ಬದಲಿಸುವುದನ್ನು ನೋಡುತ್ತ ನಿಂತಿದ್ದ ಉಮ್ಮರ್ ಕುಸಿದು ಬಿದ್ದ. ಹೃದಯ ನಿಂತಿದೆ ಎಂದರು. ಐವತ್ತೆರಡು ವರ್ಷ, ಸಕ್ಕರೆ ಕಾಯಿಲೆ ಬೇರೆ. ಯಾರಿಗೂ ಆಶ್ಚರ್ಯವಾಗಲಿಲ್ಲ.

ಸಂಜೆಯೊಳಗೆ ದಫನ. ಫ್ಲೋಯ್ಡ್ ಕಬರಸ್ಥಾನದ ಗೇಟಿನ ಬಳಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ. ಹೆಗಲು ಕೊಟ್ಟು ಬಂದವರಲ್ಲಿ ಒಬ್ಬ ಪಕ್ಕದವನಿಗೆ ಹೇಳುತ್ತಿದ್ದ, “ಎಂಥ ಹಗುರ ಮಾರಾಯ. ಖಾಲಿ ಹೊತ್ತ ಹಾಗಿತ್ತು.”

ಮೈಮುನಾ ಇದೇ ಅಲ್ ಮಬೇಲಾದಲ್ಲಿ ಹೊಲಿಗೆ ಕೆಲಸ ಮಾಡಿಕೊಂಡು ಗಂಡನ ಜೊತೆಗಿದ್ದವಳು. ಗಂಡ ಸತ್ತವಳು ಹೊರಗಿನವರಿಗೆ ಕಾಣಿಸಿಕೊಳ್ಳದ ಇದ್ದತ್ತಿನ ಮರೆಯಲ್ಲಿ ಕುಳಿತಿದ್ದವಳನ್ನು ಕಾಣುವಂತಿರಲಿಲ್ಲ. ಫ್ಲೋಯ್ಡ್ ಬಾಗಿಲಿನ ಹೊರಗೆ ನಿಂತು ಪರದೆಗೆ ಸಮಾಧಾನ ಹೇಳಿ ಬಂದ. ಪರದೆಯ ಹಿಂದೆ ಅಳು ಕೇಳಲಿಲ್ಲ. ಅಳು ಕೇಳಿದ್ದರೆ ವಾಸಿಯಿತ್ತು ಎನ್ನಿಸಿತು.

ಮಣ್ಣಾಗಿ ಏಳನೆಯ ದಿನ. ಫ್ಲೋಯ್ಡ್ ಆಫೀಸಿನಿಂದ ಮನೆಗೆ ಬಂದು ಶೂ ಬಿಚ್ಚುತ್ತಿದ್ದಾಗ ಲಿಯೋನಾ ಕೇಳಿದಳು.

“ಮಧ್ಯಾಹ್ನ ಬಂದು ಹಾಗೇ ಹೋದದ್ದು ಯಾಕೆ?”

“ನಾನಾ? ನಾನು ಆಫೀಸಿನಲ್ಲಿದ್ದೆ.”

“ಸುಳ್ಳು ಹೇಳ್ಬೇಡ. ಬಾಗಿಲ ಹೊರಗಿಂದ ನನ್ನ ಹೆಸರು ಕರೆದಿ. ಮಿಕ್ಸಿ ತಿರುಗ್ತಿತ್ತು, ಓ ಅನ್ಲಿಕ್ಕೆ ಆಗ್ಲಿಲ್ಲ. ಬಂದು ಬಾಗಿಲು ತೆಗ್ದರೆ ಯಾರೂ ಇಲ್ಲ. ಮೆಟ್ಟಿಲ ಮೇಲೆ ಪೂರಾ ಕಪ್ಪು ಕಪ್ಪು ಕಲ್ಲಿನ ಹುಡಿ.”

ಅವನು ಶೂ ಕೈಯಲ್ಲಿ ಹಿಡಿದುಕೊಂಡೇ ಕುಳಿತ. ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಖಲ್ಫಾನನ ದನಿ. ಮುದುಕನಿಗೆ ಮುರುಕು ಹಿಂದಿ ಬರುತ್ತಿತ್ತು. ಅಂದು ಅದನ್ನು ಅವನು ಆಡಿರಲಿಲ್ಲ, ಅಷ್ಟೆ.

“ನಿನ್ನ ಡ್ರೈವರ್ ಇಲ್ಲಿದ್ದಾನೆ. ಇವತ್ತು ನೋಡಿದೆ. ಕಲ್ಲು ಹೊರುತ್ತಿದ್ದಾನೆ. ಯಾರ ಹೆಸರು ಹೇಳಿದೆ ನೀನು?”

“ನಾಳೆ ಬರುತ್ತೇನೆ,” ಎಂದ ಫ್ಲೋಯ್ಡ್. ಅದೇ ಉತ್ತರವಾಯಿತು.

ಮರುದಿನ ಅವನು ಲಿಯೋನಾಳ ಕೈಹಿಡಿದು ಹೇಳಿದ್ದು ಇಷ್ಟು. “ಯಾರು ಕರೆದರೂ ಓಗೊಡಬೇಡ. ನನ್ನ ದನಿಯಾದರೂ ಸರಿ. ಫೋನ್ ಬಂದರೆ ಮಾತ್ರ ಮಾತಾಡು.” ಯಾಕೆ ಎಂದು ಅವಳು ಕೇಳಿದಾಗ ಬಂದು ಹೇಳುತ್ತೇನೆ ಎಂದ. ಕಾರು ತಾನೇ ಬಿಟ್ಟುಕೊಂಡು ಹೋದ. ಪಕ್ಕದ ಸೀಟಿನ ಮೇಲೆ ಉಮ್ಮರನ ಬಿಳಿ ಟೊಪ್ಪಿ ಇನ್ನೂ ಬಿದ್ದಿತ್ತು.

ಸುರಂಗದ ಬಾಯಲ್ಲಿ ಖಲ್ಫಾನ್ ಒಂದು ಬಕೆಟ್ಟಿನ ತುಂಬ ಗಾರೆ ಕಲಸಿಟ್ಟುಕೊಂಡು ಕಾಯುತ್ತಿದ್ದ. ಸುಟ್ಟ ಮಣ್ಣು, ಸುಣ್ಣ. ಹಬೆಯಾಡುತ್ತಿತ್ತು.

“ದಾರಿ ಎರಡು,” ಎಂದ ಅವನು. “ಹೆಸರು ಕೊಟ್ಟವನು ಅದನ್ನು ವಾಪಸು ತೆಗೆದುಕೊಳ್ಳಬಹುದು, ಆ ಜಾಗಕ್ಕೆ ತನ್ನ ಹೆಸರು ಹೇಳಿದರೆ. ಆಗ ನಿನ್ನವನು ಹೊರಗೆ ಬರುತ್ತಾನೆ. ಇಲ್ಲವಾದರೆ ಮುಚ್ಚು. ಮುಚ್ಚಿದರೆ ಅದು ಯಾರನ್ನೂ ಕರೆಯಲಾರದು. ಆದರೆ ಒಳಗಿದ್ದವರು ಒಳಗೇ. ತೆರೆದವನೇ ಮುಚ್ಚಬೇಕು. ನಾನು ಮುಚ್ಚಿದರೆ ನಿಲ್ಲುವುದಿಲ್ಲ.”

“ಎರಡೂ ಮಾಡದಿದ್ದರೆ?”

“ನಿನ್ನ ಹೆಂಡತಿ ಎಷ್ಟು ದಿನ ಓಗೊಡದೆ ಇರುತ್ತಾಳೆ?”

ಫ್ಲೋಯ್ಡ್ ಬಕೆಟ್ಟು ಎತ್ತಿಕೊಂಡ. ಆದರೆ ಮುಚ್ಚಲು ಅಲ್ಲ ಎಂದು ನಿಜವಾಗಿಯೂ ಅಂದುಕೊಂಡಿದ್ದ. ಹೆಸರು ಹೇಳಿಬಿಡುವುದು. ದಾರಿಯುದ್ದಕ್ಕೂ ಅದನ್ನೇ ಜಪಿಸುತ್ತ ಬಂದಿದ್ದ. ಫ್ಲೋಯ್ಡ್ ಪೀಟರ್ ಡಿಸಾ. ಮೂರೇ ಮಾತು. ಲಿಯೋನಾ ಊರಿಗೆ ಹೋಗಿ ಹೇಗೋ ಬದುಕಿಕೊಳ್ಳುತ್ತಾಳೆ. ಇಪ್ಪತ್ತೆರಡು ವರ್ಷ ದುಡಿದ ಮನುಷ್ಯ ತನ್ನ ಮನೆಗೆ ಮರಳಲಿ. ಕುರುಸಿನ ಗುರುತು ಹಾಕಿಕೊಂಡು ಬಗ್ಗಿ ಒಳಗೆ ನಡೆದ.

ತಿರುವು. ಕತ್ತಲೆ. ಕೊಳೆತ ಸಿಹಿ ನಾತ ಮೊದಲಿಗಿಂತ ದಟ್ಟವಾಗಿತ್ತು. ಚಪ್ಪಡಿ ಒಂದು ಗೇಣು ಪಕ್ಕಕ್ಕೆ ಸರಿದಿತ್ತು. ಆಚೆಯಿಂದ ಕಲ್ಲಿಗೆ ಕಲ್ಲು ಬೀಳುವ ಸದ್ದು. ಠಕ್. ಠಕ್. ಅದರ ನಡುವೆ ಏದುಸಿರು. ಒಬ್ಬನದಲ್ಲ. ಹತ್ತಾರು ಜನರದು. ಬೆಳಕು ಬಿದ್ದ ಕೂಡಲೇ ಎಲ್ಲ ಸದ್ದೂ ನಿಂತಿತು.

ಸಂದಿಗೆ ಒಂದು ಮುಖ ಬಂತು.

ಕೆನ್ನೆಯ ಮೇಲೆಲ್ಲ ಕಪ್ಪು ಹುಡಿ. ತಲೆಯ ಮೇಲೆ ಕಿಟ್ಟದ ಬುಟ್ಟಿ. ಕಣ್ಣು ತೆರೆದಿದ್ದರೂ ನೋಡುತ್ತಿರಲಿಲ್ಲ. ನಿಧಾನವಾಗಿ, ಆಳದ ಬಾವಿಯಿಂದ ಕೊಡ ಮೇಲೆ ಬರುವಂತೆ, ಆ ಕಣ್ಣಿಗೆ ಗುರುತು ಬಂತು.

“ಪೊರ್ಬುಗಳೆ?”

“ಉಮ್ಮರಾಕ…”

“ಇಲ್ಲಿ ಯಾಕೆ ಬಂದ್ರಿ ನೀವು?” ಮಾತಾಡಿದಾಗ ತುಟಿಯಿಂದ ಕಪ್ಪು ರಕ್ತ ಜಿನುಗಿತು. “ಅದು ದಿನಾ ಕೇಳ್ತದೆ. ಇನ್ನು ಯಾರು, ಇನ್ನು ಯಾರು ಅಂತ. ನಮ್ಮ ಮನೆಯವಳ ದನಿಯಲ್ಲೇ ಕೇಳ್ತದೆ. ನಾನು ಹೇಳ್ಲಿಲ್ಲ. ಒಂದು ಹೆಸರೂ ಹೇಳ್ಲಿಲ್ಲ. ನಾಲಿಗೆ ಕಚ್ಚಿ ಹಿಡಿದಿದ್ದೇನೆ.”

ಆಗ ಫ್ಲೋಯ್ಡನಿಗೆ ತಿಳಿಯಿತು, ಉಮ್ಮರ್ ಈಗಲೂ ತನ್ನನ್ನು ಹೆಸರು ಹಿಡಿದು ಕರೆದಿರಲಿಲ್ಲ.

“ನಾನು ಅವತ್ತು ಯಾರ ಹತ್ರವೂ ಬಾಯಿ ಬಿಟ್ಟಿರ್ಲಿಲ್ಲ, ಪೊರ್ಬುಗಳೆ,” ಎಂದ ಉಮ್ಮರ್. “ಅದಕ್ಕೆ ನನ್ನ ಹೆಸರು ಹೇಗೆ ಸಿಕ್ಕಿತು?”

ಟಾರ್ಚಿನ ಬೆಳಕು ಅಲುಗಾಡಿತು.

“ಆ ಅಜ್ಜ,” ಎಂದ ಫ್ಲೋಯ್ಡ್. “ಆ ಅಜ್ಜನೇ ಹೇಳಿರ್ಬೇಕು.”

ಉಮ್ಮರ್ ಅವನನ್ನು ನೋಡಿದ.

“ಹೌದಾ,” ಎಂದ.

ಅಷ್ಟರಲ್ಲಿ ಉಮ್ಮರನ ಬೆನ್ನ ಹಿಂದಿನ ಕತ್ತಲೆಯಲ್ಲಿ ಏನೋ ಹತ್ತಿರ ಬಂತು. ಹೆಜ್ಜೆ ಸದ್ದಿರಲಿಲ್ಲ. ತಣ್ಣನೆಯ ಉಸಿರು. ತುಕ್ಕಿನ ವಾಸನೆ. ಅಮ್ಮನ ದನಿ.

“ಥಂಯ್ ಕೋಣ್?”

ಹೇಳು. ಈಗಲೇ ಹೇಳು. ಮೂರೇ ಮಾತು.

“ಥಂಯ್ ಕೋಣ್ ರೆ?”

ಬಾಯಿ ತೆರೆದ. ಹಲ್ಲು ತುಟಿಗೆ ತಾಗಿತು. ಫ್ ಎಂಬ ಗಾಳಿ ಬಂತು. ಮುಂದೆ ಬರಲಿಲ್ಲ. ಮತ್ತೆ ತೆರೆದ. ಅಂದು ತಾನಾಗಿಯೇ ಹೊರಳಿದ ನಾಲಿಗೆ ಇಂದು ಮರದ ತುಂಡು. ಬದುಕಬೇಕು. ಬದುಕಬೇಕು. ಅವನೊಳಗೆ ಅದೊಂದೇ ಕೂಗು.

“ಹೇಳ್ಬೇಡಿ,” ಎಂದ ಉಮ್ಮರ್. “ಮುಚ್ಚಿ. ಬೇಗ ಮುಚ್ಚಿ, ಪೊರ್ಬುಗಳೆ. ಮಕ್ಕಳ ಹೆಸರು ನನ್ನ ಗಂಟಲಿಗೆ ಬರ್ತಾ ಉಂಟು. ಇನ್ನು ಹಿಡೀಲಿಕ್ಕೆ ಆಗುದಿಲ್ಲ.”

ಅವನು ಬೇಡ ಎಂದದ್ದಕ್ಕೆ ನಾನು ಹೇಳಲಿಲ್ಲ. ಫ್ಲೋಯ್ಡ್ ತನಗೆ ತಾನೇ ಹಾಗೆ ಹೇಳಿಕೊಂಡ. ಆ ನೆಪವನ್ನೂ ಅವನು ಉಮ್ಮರನಿಂದಲೇ ತೆಗೆದುಕೊಂಡ.

ಚಪ್ಪಡಿಗೆ ಭುಜ ಕೊಟ್ಟು ದೂಡಿದ. ಸರಿಯಿತು. ಬೆರಳಗಲದ ಸಂದಿ ಉಳಿಯಿತು. ಬಕೆಟ್ಟಿಗೆ ಎರಡೂ ಕೈ ಹಾಕಿದ. ಸುಣ್ಣ ಸುಟ್ಟಿತು. ಮೆತ್ತಿದ. ಮೇಲಿನಿಂದ ಕೆಳಗೆ. ಮತ್ತೆ ಮೆತ್ತಿದ. ನಡುವೆ ಗಾರೆ ಕೂರಲಿಲ್ಲ. ಅಲ್ಲಿ ನಾಲ್ಕು ಬೆರಳುಗಳು ಅಂಚನ್ನು ಹಿಡಿದುಕೊಂಡಿದ್ದವು. ಫ್ಲೋಯ್ಡ್ ಗಾರೆಯ ಮುದ್ದೆ ಹಿಡಿದು ನಿಂತ. ಬೆರಳುಗಳು ಒಂದು ಸಲ ನಡುಗಿದವು. ಆಮೇಲೆ ಒಂದೊಂದಾಗಿ, ತಾವೇ ಹಿಂದಕ್ಕೆ ಸರಿದವು.

“ಮನೆಯವಳಿಗೆ ಒಂದು ಮಾತು…” ಎಂದಿತು ಒಳಗಿನ ದನಿ.

ಕೊನೆಯ ಮುದ್ದೆ ಬಿತ್ತು. ಅಂಗೈಯಿಂದ ಒತ್ತಿದ. ಮತ್ತೇನೂ ಕೇಳಿಸಲಿಲ್ಲ. ತೊಟ್ಟಿಕ್ಕುವ ನೀರಿನ ಸದ್ದು ಮಾತ್ರ ಎಲ್ಲಿಂದಲೋ ಮತ್ತೆ ಶುರುವಾಯಿತು.

ಹೊರಗೆ ಬಂದಾಗ ಖಲ್ಫಾನ್ ಅವನ ಬೆನ್ನ ಹಿಂದೆ ಇನ್ನೊಬ್ಬ ಬರುತ್ತಾನೆಯೇ ಎಂದು ನೋಡಿದ. ಯಾರೂ ಬರಲಿಲ್ಲ. ಫ್ಲೋಯ್ಡ್ ಚಾಚಿದ ಕೈ ಹಿಡಿಯದೆ, ಖಾಲಿ ಬಕೆಟ್ಟು ತೆಗೆದುಕೊಂಡು, ಕಿಟ್ಟದ ರಾಶಿಯ ಮೇಲೆ ಕರಕರ ಸದ್ದು ಮಾಡುತ್ತ ಇಳಿದುಹೋದ.

ಅಲೆಂಕಾಳಿಗೆ ಫ್ಲೋಯ್ಡ್ ತಾನು ತಪ್ಪು ಓದಿದ್ದೆ ಎಂದು ಬರೆದ. ಅವಳು ಬೇಸರಪಟ್ಟುಕೊಂಡು ಆ ಹೆಸರನ್ನು ತೆಗೆದಳು. ಬೋರ್ಡಿನ ಮೇಲೆ ಮಸ್ಕೂತ್ ಎಂದಷ್ಟೇ ಬಂತು. ಲಿಯೋನಾಳನ್ನು ಮತ್ತೆ ಯಾರೂ ಕರೆಯಲಿಲ್ಲ. ಬಂದು ಹೇಳುತ್ತೇನೆ ಎಂದಿದ್ದನ್ನು ಅವನು ಅವಳಿಗೆ ಹೇಳಲಿಲ್ಲ. ಸುಣ್ಣದಲ್ಲಿ ಬೆಂದ ಅಂಗೈಗಳಿಗೆ ಅವಳೇ ಮುಲಾಮು ಹಚ್ಚಿದಳು. ಬ್ಯಾಟರಿಯ ಆಸಿಡ್ ಎಂದಿದ್ದ.

ನಾಲ್ಕು ತಿಂಗಳು ಹತ್ತು ದಿನ ಕಳೆದು ಇದ್ದತ್ತು ಮುಗಿದ ವಾರ ಮೈಮುನಾ ಅವನನ್ನು ಬರಹೇಳಿದಳು. ಊರಿಗೆ ಹೋಗಲು ಪೆಟ್ಟಿಗೆ ಕಟ್ಟಿಟ್ಟಿದ್ದಳು. ಪರದೆ ಇರಲಿಲ್ಲ. ಎದುರೇ ಕುಳಿತಳು. ಇಷ್ಟು ಸಣ್ಣ ಹೆಂಗಸು ಎಂದು ಅವನಿಗೆ ಗೊತ್ತಿರಲಿಲ್ಲ.

“ನಿಮ್ಮನ್ನು ಒಂದು ಕೇಳ್ಬೇಕಿತ್ತು,” ಎಂದಳು. “ಸತ್ತದ್ದು ಅಂತ ನನ್ನ ಮನಸ್ಸು ಒಪ್ಪುದೇ ಇಲ್ಲ. ಎಲ್ಲಿಯೋ ದುಡೀತಾ ಇದ್ದಾರೆ, ಬಾಯಾರಿಕೆ ಆಗ್ತಾ ಉಂಟು ಅಂತಲೇ ಕನಸು. ಹುಚ್ಚು ಅಂತಾರೆ ಎಲ್ಲರೂ. ಕೊ​ನೆಗೆ ದೂರದ ಕೆಲಸಕ್ಕೆ ಹೋದದ್ದು ನಿಮ್ಮ ಜೊತೆಯೇ ಅಲ್ವಾ? ನನಗೆ ಅಂತ ಎಂತಾದ್ರೂ ಹೇಳಿದ್ದರಾ?”

“ಇಲ್ಲ,” ಎಂದ ಫ್ಲೋಯ್ಡ್. “ಮರದ ಕೆಳಗೆ ಮಲಗಿದ್ದರು. ಅಷ್ಟೇ.”

ಅವಳು ತಲೆಯಾಡಿಸಿದಳು. ಕಣ್ಣೊರೆಸಿಕೊಂಡು, ಅವನಿಗಾಗಿಯೇ ಮಾಡಿಟ್ಟಿದ್ದ ಚಹಾ ತಂದಳು. ನೀವು ಅವತ್ತು ಕಬರಸ್ಥಾನಕ್ಕೂ ಬಂದಿರಿ, ಅದನ್ನು ಮರೆಯುವುದಿಲ್ಲ ಎಂದಳು. ಆಮೇಲೆ ಮುಖದ ಮೇಲೆ ಮೊದಲ ಸಲ ಒಂದು ಬೆಳಕು ಬಂತು.

“ಮಗಳು ಹೆತ್ತಿದ್ದಾಳೆ, ಉಪ್ಪಿನಂಗಡಿಯಲ್ಲಿ. ಗಂಡು. ಇವರ ಹೆಸರೇ ಇಟ್ಟದ್ದು. ಉಮ್ಮರ್. ಮನೆಯಲ್ಲಿ ದಿನವಿಡೀ ಆ ಹೆಸರು ಕೇಳ್ತಾ ಇರ್ಬೇಕು ಅಂತ ನಾನೇ ಹೇಳಿದೆ.”

ಬೇಡ ಎನ್ನಬೇಕಿತ್ತು. ಆ ಹೆಸರು ಬೆಟ್ಟದ ಬಾಯಲ್ಲಿ ಇದೆ, ಆ ಗಾರೆಯನ್ನು ಬಳಿದದ್ದು ಇದೇ ಕೈ, ಅದು ಎಷ್ಟು ಕಾಲ ನಿಲ್ಲುತ್ತದೋ ಗೊತ್ತಿಲ್ಲ ಎನ್ನಬೇಕಿತ್ತು. ಅದನ್ನು ಹೇಳಬೇಕಾದರೆ ಉಳಿದದ್ದನ್ನೂ ಹೇಳಬೇಕು. ಫ್ಲೋಯ್ಡ್ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಒಳ್ಳೆ ಹೆಸರು,” ಎಂದ.

ಅವನು ಎದ್ದು ಮೆಟ್ಟಿಲಿಗೆ ಬರುವಷ್ಟರಲ್ಲಿ ಊರಿನಿಂದ ವಿಡಿಯೋ ಕಾಲ್ ಬಂದಿತ್ತು. ತೆರೆದ ಬಾಗಿಲಿನಿಂದ ಮೈಮುನಾಳ ದನಿ ಕೇಳುತ್ತಿತ್ತು, ಫೋನಿನ ಪರದೆಯ ಕಡೆಗೆ ಬಾಗಿ, ಕೊಂಡಾಟದಿಂದ. “ಉಮ್ಮರ್… ಓ ಉಮ್ಮರ್… ಇಲ್ಲಿ ನೋಡು ಮಗಾ… ಉಮ್ಮರ್…”

ಇಲ್ಲ, ಮಗು ಇನ್ನೂ ಓಗೊಡುವ ಪ್ರಾಯದ್ದಲ್ಲ ಎಂದು ಹೇಳಿಕೊಳ್ಳುತ್ತ, ಅವನು ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದ.